ಗಣಕಯಂತ್ರದ ಆರಂಭಕಾಲದ ಸಂದೇಶಗಳು: ಯುಎಸ್‌ಬಿ ಮೂಲಕ ಅವುಗಳ ಸಂಗ್ರಹಣ

ಇತಿಹಾಸ ವಿಭಾಗದ ವಾರ್ಷಿಕ ಸಂಚಿಕೆಯಲ್ಲಿ ಗಣಕಯಂತ್ರವನ್ನು ಕುರಿತ ಲೇಖನವೊಂದನ್ನು ಕಂಡು ಕೆಲವು ವಾಚಕರಿಗೆ ಆಶ್ಚರ್ಯವಾಗಬಹುದು. ಆದರೆ ಓಲೆಗರಿ, ಕಡತ, ಶಾಸನದ ಪಡಿಯಚ್ಚು ಮೊದಲಾದ ಆಕರಗಳ ಛಾಯಾಪ್ರತಿಗಳೆಲ್ಲ ಇಂದು ಈ ಯಂತ್ರಗಳಲ್ಲಿಯೇ ಶೇಖರವಾಗುತ್ತಿವೆ. ಆದುದರಿಂದ ಯಂತ್ರವು ಕೆಟ್ಟು ನಿಂತಾಗ ಅದರ ಕಾರಣವನ್ನು ನಿಶ್ಚಯಿಸುವುದು ಆಕರಗಳ ರಕ್ಷಣೆಗೆ ಸಂಬಂಧಿಸಿದ ಕೆಲಸವೇ ಆಗಿದೆ. ಯಂತ್ರವು ನಿಲ್ಲುವುದಕ್ಕೆ ಮುಂಚೆ ತನ್ನ ಸ್ಥಿತಿಯನ್ನು ಅನೇಕ ವೇಳೆ ತಾನೇ ಹೇಳಿರುತ್ತದೆ. ಆ ಮಾತನ್ನು ಕೇಳಿ ಬರೆದಿಟ್ಟುಕೊಳ್ಳುವವರು ಮಾತ್ರ ಇರುವುದಿಲ್ಲ. ಲಿನಕ್ಸ್ ವ್ಯವಸ್ಥೆಯ ಕರ್ನೆಲ್ ತನ್ನ ಮೊದಲ ಕ್ಷಣಗಳಲ್ಲಿ ಹೊರಡಿಸುವ ಸಂದೇಶಗಳನ್ನು ಮತ್ತೊಂದು ಗಣಕಯಂತ್ರದಲ್ಲಿ ಯುಎಸ್‌ಬಿ ಮೂಲಕ ಹಿಡಿದಿಡುವ ವಿಧಾನವನ್ನು ಪ್ರಕೃತ ಲೇಖನದಲ್ಲಿ ವಿವರಿಸಲು ಯತ್ನಿಸಿದ್ದೇವೆ.

೧. ಸಂದರ್ಭ

ಹಳೆಯ ಮನೆತನಗಳಿಂದ ಎರವಲು ತಂದ ಕಡತ, ಕಾಗದಪತ್ರ, ಓಲೆಗರಿಗಳನ್ನು ಮೂರು ವರ್ಷಗಳ ಕಾಲ ಪುಟಪುಟವಾಗಿ ಚಿತ್ರ ತೆಗೆದು ಒಂದು ಚಿಕ್ಕ ಗಣಕಯಂತ್ರದಲ್ಲಿ ಇರಿಸಿದ್ದೆವು. ಮೂಲಗಳು ಒಡೆಯರ ಮನೆಗಳಿಗೆ ಹಿಂದಿರುಗಿದ್ದುವು. ಬೇರೆಡೆಯಲ್ಲಿ ಪ್ರತಿ ಇದ್ದುದು ಮೊದಲನೆಯ ವರ್ಷದ ಚಿತ್ರಗಳಿಗೆ ಮಾತ್ರ. ಈ ಲೋಪ ನಮ್ಮದೇ. ಬೇಸಗೆಯ ರಜೆ ಮುಗಿದು ಯಂತ್ರವನ್ನು ಹಚ್ಚಿದಾಗ ತಯಾರಕರ ಗುರುತು ಒಂದು ಕ್ಷಣ ಮೂಡಿ ಮರೆಯಾಯಿತು. ಅನಂತರ ಪರದೆ ಕಪ್ಪಾಗಿಯೇ ಉಳಿಯಿತು. ಯುಎಸ್‌ಬಿ ಕಡ್ಡಿಯಿಂದ ಬೇರೆ ವ್ಯವಸ್ಥೆಯನ್ನು ಎಬ್ಬಿಸಲು ನೋಡಿದರೂ ಫಲ ಅದೇ. ಚಿತ್ರಗಳಿದ್ದ ಸಂಗ್ರಹಭಾಗವನ್ನು ಮುಖ್ಯ ಫಲಕಕ್ಕೇ ಬೆಸೆದಿದ್ದುದರಿಂದ ಅದನ್ನು ಕಳಚಿ ಬೇರೆ ಯಂತ್ರದಲ್ಲಿ ಓದಿಸುವುದು ಸಾಧ್ಯವಿರಲಿಲ್ಲ.

ನೋಡಿದ ರಿಪೇರಿಯವರು ಸಂಗ್ರಹಭಾಗ ಕೆಟ್ಟಿದೆಯೆಂದು ಹೇಳಿ, ಫಲಕವನ್ನೇ ಬದಲಾಯಿಸಿ ಹೊಸದಾಗಿ ವ್ಯವಸ್ಥೆಯನ್ನು ಹಾಕಿಕೊಡುವುದಾಗಿ ತಿಳಿಸಿದರು. ಇದಕ್ಕೆ ಒಪ್ಪಿದ್ದರೆ ಎರಡು ವರ್ಷಗಳ ಚಿತ್ರಗಳು ಹೋದಂತೆಯೇ. ಅವರ ನಿರ್ಣಯಕ್ಕೆ ಆಧಾರವೇನೆಂದು ವಿಚಾರಿಸಿದಾಗ ಕಪ್ಪು ಪರದೆಯ ಹೊರತು ಬೇರೇನೂ ಇರಲಿಲ್ಲ. ಆಧಾರವಿಲ್ಲದ ನಿರ್ಣಯವನ್ನು ಒಪ್ಪಬಾರದೆಂದು ವಿದ್ಯಾರ್ಥಿಗಳಿಗೆ ದಿನವೂ ಹೇಳುವ ನಾವು, ಈ ವಿಷಯದಲ್ಲಿಯೂ ಮೊದಲು ಆಕರವನ್ನೇ ಹುಡುಕುವುದು ಉಚಿತವೆಂದು ಭಾವಿಸಿದೆವು.

೨. ಸಂದೇಶಗಳ ಸ್ವರೂಪ

ಯಂತ್ರದ ಭೌತಿಕ ಭಾಗಗಳಿಗೂ ನಾವು ಬಳಸುವ ಕಾರ್ಯಕ್ರಮಗಳಿಗೂ ನಡುವೆ ನಿಂತು ಎಲ್ಲವನ್ನೂ ನಿಯಂತ್ರಿಸುವ ಮೂಲ ಕಾರ್ಯಕ್ರಮಕ್ಕೆ ಕರ್ನೆಲ್ ಎಂದು ಹೆಸರು. ಲಿನಕ್ಸ್ ಕರ್ನೆಲನ್ನು ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸ್ ೧೯೯೧ರಲ್ಲಿ ಮೊದಲು ಪ್ರಕಟಿಸಿದರು. ಈ ಕರ್ನೆಲ್ ಎಚ್ಚರಗೊಳ್ಳುವಾಗ ತಾನು ಮಾಡುತ್ತಿರುವ ಒಂದೊಂದು ಕೆಲಸವನ್ನೂ ಒಂದೊಂದು ಸಾಲಿನಲ್ಲಿ ಹೇಳುತ್ತ ಹೋಗುತ್ತದೆ. ಹೀಗೆ ಹೇಳುವ ಅದರ ಅಂಗಕ್ಕೆ 'ಪ್ರಿಂಟ್‌ಕೆ' ಎಂಬ ಹೆಸರಿದೆ. ಸಂದೇಶಗಳಿಗೆ ೦ಯಿಂದ ೭ರವರೆಗೆ ಎಂಟು ದರ್ಜೆಗಳುಂಟು. ೦ ಎಂದರೆ ಮಹಾವಿಪತ್ತು, ೭ ಎಂದರೆ ಶೋಧಕರಿಗೆ ಮಾತ್ರ ಬೇಕಾದ ಸೂಕ್ಷ್ಮ ವಿವರ.

ಈ ಸಾಲುಗಳು ಮೊದಲು ಹೋಗಿ ಸೇರುವುದು ಮೆಮೊರಿಯಲ್ಲಿ ಕಾದಿರಿಸಿದ ಒಂದು ಚಕ್ರಾಕಾರದ ಪಟ್ಟಿಗೆ. ಸಾಮಾನ್ಯವಾಗಿ ಇದರ ಅಳತೆ ೧೨೮ ಕಿಲೋಬೈಟು, ಬೇಕಾದರೆ ಹೆಚ್ಚಿಸಬಹುದು. ಪಟ್ಟಿ ತುಂಬಿದ ಮೇಲೆ ಹೊಸ ಸಾಲುಗಳು ಹಳೆಯವುಗಳ ಮೇಲೆಯೇ ಬರೆಯಲ್ಪಡುತ್ತವೆ. ವ್ಯವಸ್ಥೆಯು ಸುಖವಾಗಿ ಎದ್ದರೆ, ಅನಂತರ ಬರುವ ಒಂದು ಸೇವಾ ಕಾರ್ಯಕ್ರಮವು ಈ ಪಟ್ಟಿಯನ್ನು ಓದಿ ಡಿಸ್ಕಿನ ಕಡತಕ್ಕೆ ಇಳಿಸುತ್ತದೆ. ನಾವು ಮುಂದೆ ಓದುವುದು ಈ ಕಡತವನ್ನೇ.

ಕಷ್ಟವಿರುವುದು ಇಲ್ಲಿಯೇ. ಡಿಸ್ಕನ್ನು ಗುರುತಿಸಿ, ಅದರ ಮೇಲೆ ಬರೆಯುವ ಸಾಮರ್ಥ್ಯವನ್ನು ಪಡೆಯುವುದು ಕರ್ನೆಲಿನ ಉದಯದಲ್ಲಿ ತೀರ ತಡವಾಗಿ ನಡೆಯುವ ಕಾರ್ಯ. ಅದಕ್ಕೆ ಮುಂಚೆಯೇ ಯಂತ್ರ ನಿಂತರೆ ಸಂದೇಶಗಳು ಮೆಮೊರಿಯಲ್ಲಿ ಮಾತ್ರ ಇರುತ್ತವೆ. ವಿದ್ಯುತ್ತನ್ನು ತೆಗೆದೊಡನೆ ಅವೂ ಹೋಗುತ್ತವೆ. ಪರದೆಯ ವಿಷಯವೂ ಹೀಗೆಯೇ. ಇತ್ತೀಚಿನ ಯಂತ್ರಗಳಲ್ಲಿ ಕರ್ನೆಲ್ ಪರದೆಯನ್ನು ತನ್ನ ವಶಕ್ಕೆ ತೆಗೆದುಕೊಳ್ಳುವವರೆಗೆ ಅದರ ಮೇಲೆ ಅಕ್ಷರ ಮೂಡುವುದಿಲ್ಲ. ಎಂದರೆ, ಕಪ್ಪು ಪರದೆ ಕರ್ನೆಲಿನ ಮೌನಕ್ಕೆ ಸಾಕ್ಷಿಯಲ್ಲ. ಅದು ಬಹಳಷ್ಟು ಹೇಳಿದ್ದಿರಬಹುದು. ನಮಗೆ ತಲಪಲಿಲ್ಲ, ಅಷ್ಟೆ. ಪರದೆಯಲ್ಲೇ ಆರಂಭದ ಸಾಲುಗಳನ್ನು ಮೂಡಿಸುವ ಉಪಾಯಗಳೂ ಇವೆ. ಆದರೆ ಅಲ್ಲಿ ಮೇಲಿನ ಸಾಲುಗಳು ಓಡಿಹೋಗಿ ಕಡೆಯವು ಮಾತ್ರ ನಿಲ್ಲುತ್ತವೆ. ಪೂರ್ಣ ಪಾಠ ದೊರೆಯುವುದಿಲ್ಲ.

ಆದುದರಿಂದ ಯಂತ್ರದ ಹೊರಗೆ, ಅದರ ಅಳಿವು ಉಳಿವುಗಳಿಗೆ ಒಳಪಡದ ಇನ್ನೊಂದು ಯಂತ್ರವಿದ್ದು, ಸಂದೇಶವು ಹೊರಟ ಕ್ಷಣದಲ್ಲಿಯೇ ಅದನ್ನು ಬರೆದುಕೊಳ್ಳಬೇಕು.

೩. ಹಳೆಯ ಮಾರ್ಗ: ಸೀರಿಯಲ್ ಪೋರ್ಟು

ಈ ಕೆಲಸಕ್ಕೆ ಬಹುಕಾಲದಿಂದ ಬಳಕೆಯಲ್ಲಿದ್ದುದು ಸೀರಿಯಲ್ ಪೋರ್ಟು. ಇದರ ಆರ್‌ಎಸ್-೨೩೨ ಎಂಬ ಮಾನಕವು ಅಮೆರಿಕದಲ್ಲಿ ೧೯೬೦ರಲ್ಲಿ ರೂಪುಗೊಂಡಿತು. ಈ ಮಾರ್ಗದ ಗುಣವಿರುವುದು ಅದರ ಸರಳತೆಯಲ್ಲಿ. ನಿಯತವಾದ ಒಂದು ವಿಳಾಸಕ್ಕೆ ಒಂದು ಅಕ್ಷರವನ್ನು ಬರೆದರೆ ಅದು ತಂತಿಯಲ್ಲಿ ಹೊರಟುಹೋಗುತ್ತದೆ. ಇದಕ್ಕೆ ಮೆಮೊರಿಯ ಹಂಚಿಕೆ ಬೇಡ, ಗಡಿಯಾರ ಬೇಡ, ಬೇರೆ ಯಾವ ಅಂಗದ ನೆರವೂ ಬೇಡ. ಕರ್ನೆಲ್ ಹುಟ್ಟಿದ ಗಳಿಗೆಯಲ್ಲಿಯೇ ಮಾತನಾಡಬಹುದು. ವಾಡಿಕೆಯ ವೇಗ ಸೆಕೆಂಡಿಗೆ ೧,೧೫,೨೦೦ ಬಿಟ್ಟುಗಳು. ಒಂದು ಅಕ್ಷರಕ್ಕೆ ಆದಿ ಅಂತ್ಯಗಳ ಗುರುತೂ ಸೇರಿ ೧೦ ಬಿಟ್ಟುಗಳು ಬೇಕಾಗುವುದರಿಂದ ಸೆಕೆಂಡಿಗೆ ೧೧,೫೨೦ ಅಕ್ಷರಗಳು ಸಾಗುತ್ತವೆ. ಆರಂಭಕಾಲದ ಸಂದೇಶಗಳಿಗೆ ಇಷ್ಟು ಸಾಕು.

ಆದರೆ ಈಗ ಮಾರಾಟವಾಗುವ ಬಹುಪಾಲು ಲ್ಯಾಪ್‌ಟಾಪುಗಳಲ್ಲಿಯೂ ಚಿಕ್ಕ ಗಣಕಯಂತ್ರಗಳಲ್ಲಿಯೂ ಸೀರಿಯಲ್ ಪೋರ್ಟು ಇರುವುದಿಲ್ಲ. ಅದರ ಸ್ಥಾನವನ್ನು ೧೯೯೬ರಲ್ಲಿ ಮೊದಲು ಹೊರಬಂದ ಯುಎಸ್‌ಬಿ ಆಕ್ರಮಿಸಿದೆ. ನಮ್ಮ ಯಂತ್ರದಲ್ಲಿಯೂ ಇದ್ದುದು ಯುಎಸ್‌ಬಿ ಮಾತ್ರ.

೪. ಯುಎಸ್‌ಬಿಯ ತೊಡಕು ಮತ್ತು ಅದರ ಪರಿಹಾರ

ಸೀರಿಯಲ್ ಪೋರ್ಟಿನ ಬದಲು ಯುಎಸ್‌ಬಿಯನ್ನು ಬಳಸಿದರಾಯಿತೆಂದು ಮೇಲುನೋಟಕ್ಕೆ ತೋರಬಹುದು. ವಸ್ತುತಃ ಇದರಲ್ಲಿ ಎರಡು ತೊಡಕುಗಳಿವೆ.

ಮೊದಲನೆಯದು ಕಾಲಕ್ಕೆ ಸಂಬಂಧಿಸಿದುದು. ಸಾಮಾನ್ಯ ರೀತಿಯಲ್ಲಿ ಯುಎಸ್‌ಬಿ ಕೆಲಸಮಾಡಬೇಕಾದರೆ ಅದರ ನಿಯಂತ್ರಕವನ್ನು ಪತ್ತೆಮಾಡಬೇಕು, ಮೆಮೊರಿಯನ್ನು ಹಂಚಿಕೊಡಬೇಕು, ಜೋಡಿಸಿದ ಸಾಧನಗಳನ್ನು ಒಂದೊಂದಾಗಿ ವಿಚಾರಿಸಿ ಸಂಖ್ಯೆ ಕೊಡಬೇಕು. ಇಷ್ಟೂ ನಡೆಯುವ ಹೊತ್ತಿಗೆ ಕರ್ನೆಲ್ ಬಹುಮಟ್ಟಿಗೆ ಎದ್ದು ನಿಂತಿರುತ್ತದೆ. ಸೀರಿಯಲ್ ಪೋರ್ಟಿಗೆ ಪರಿವರ್ತಿಸುವ ಅಗ್ಗದ ಯುಎಸ್‌ಬಿ ಕೊಂಡಿಗಳನ್ನು ಕೆಟ್ಟ ಯಂತ್ರಕ್ಕೆ ಜೋಡಿಸಿದರೆ ಆರಂಭದ ಸಂದೇಶ ಸಿಕ್ಕದಿರುವುದು ಇದರಿಂದಲೇ. ಅವು ತಡವಾಗಿ ಬಾಯಿಬಿಟ್ಟು ಪಟ್ಟಿಯಲ್ಲಿರುವ ಹಳೆಯ ಸಾಲುಗಳನ್ನು ಒಪ್ಪಿಸಬಲ್ಲುವು, ನಿಜ. ಆದರೆ ಯಂತ್ರವು ಅಲ್ಲಿಯವರೆಗೆ ಬದುಕಿರಬೇಕಷ್ಟೆ.

ಎರಡನೆಯದು ಅಧಿಕಾರಕ್ಕೆ ಸಂಬಂಧಿಸಿದುದು. ಯುಎಸ್‌ಬಿ ಸಂಬಂಧದಲ್ಲಿ ಒಂದು ಕಡೆ ಒಡೆಯ, ಇನ್ನೊಂದು ಕಡೆ ಸೇವಕ. ಒಡೆಯನು ಕೇಳಿದಾಗ ಮಾತ್ರ ಸೇವಕನು ಉತ್ತರ ಕೊಡುತ್ತಾನೆ. ಕೀಲಿಮಣೆ, ಮುದ್ರಣಯಂತ್ರ ಮೊದಲಾದುವು ಸೇವಕರು. ಗಣಕಯಂತ್ರ ಯಾವಾಗಲೂ ಒಡೆಯ. ಎರಡು ಗಣಕಯಂತ್ರಗಳನ್ನು ನೇರವಾಗಿ ಜೋಡಿಸಿದರೆ ಇಬ್ಬರು ಒಡೆಯರು ಎದುರುಬದುರಾಗಿ ನಿಂತಂತಾಗಿ, ಮಾತು ಹೊರಡುವುದಿಲ್ಲ.

ಈ ತೊಡಕುಗಳು ನಿಯಂತ್ರಕಗಳನ್ನು ರೂಪಿಸಿದವರಿಗೆ ತಿಳಿಯದೆ ಇರಲಿಲ್ಲ. ಯುಎಸ್‌ಬಿಯ ಎರಡನೆಯ ಮಾನಕ ೨೦೦೦ದಲ್ಲಿ ಬಂದಿತು. ಅದಕ್ಕೆ ಅನುಗುಣವಾದ ಇಎಚ್‌ಸಿಐ ಎಂಬ ನಿಯಂತ್ರಕದ ವಿವರಣೆಯಲ್ಲಿ, ೨೦೦೨ರಲ್ಲಿ, 'ಡೀಬಗ್ ಪೋರ್ಟು' ಎಂಬ ಐಚ್ಛಿಕ ಸೌಲಭ್ಯವನ್ನು ಸೇರಿಸಿದರು. ನಿಯಂತ್ರಕದೊಳಗೇ ಇರುವ ೮ ಬೈಟುಗಳ ಚಿಕ್ಕ ಪೆಟ್ಟಿಗೆಯೊಂದರಲ್ಲಿ ಅಕ್ಷರಗಳನ್ನು ಹಾಕಿ ಅಪ್ಪಣೆ ಕೊಟ್ಟರೆ ಅವು ಹೊರಟುಹೋಗುತ್ತವೆ. ಯಂತ್ರದ ಮೆಮೊರಿಯ ಹಂಗಿಲ್ಲ. ಮೊದಲನೆಯ ತೊಡಕು ಹೀಗೆ ಪರಿಹಾರವಾಯಿತು. ಎರಡನೆಯದಕ್ಕಾಗಿ, ಎರಡು ಯಂತ್ರಗಳ ನಡುವೆ ನಿಂತು ಇಬ್ಬರು ಒಡೆಯರಿಗೂ ಸೇವಕನಂತೆ ನಡೆದುಕೊಳ್ಳುವ ವಿಶೇಷ ಸಾಧನವೊಂದು ಬೇಕಾಯಿತು. ಈ ಮಾರ್ಗಕ್ಕೆ ಎರಡು ಮಿತಿಗಳುಂಟು: ನಿಯಂತ್ರಕದ ಗೊತ್ತಾದ ಒಂದು ಪೋರ್ಟಿನಲ್ಲಿ ಮಾತ್ರ ಇದು ನಡೆಯುತ್ತದೆ, ಆ ಪೋರ್ಟು ಯಂತ್ರದ ಹೊರಮೈಯಲ್ಲಿ ಕಾಣದೆಯೂ ಇರಬಹುದು.

೨೦೦೮ರಲ್ಲಿ ಬಂದ ಯುಎಸ್‌ಬಿ ಮೂರನೆಯ ಮಾನಕದ ತರುವಾಯ ಎಕ್ಸ್‌ಎಚ್‌ಸಿಐ ಎಂಬ ಹೊಸ ನಿಯಂತ್ರಕ ರೂಢಿಗೆ ಬಂದಿತು. ಇದರಲ್ಲಿ 'ಡೀಬಗ್ ಸಾಮರ್ಥ್ಯ' ಎಂಬ ಇನ್ನೂ ಉತ್ತಮವಾದ ಏರ್ಪಾಡುಂಟು. ಈ ಸಾಮರ್ಥ್ಯವುಳ್ಳ ನಿಯಂತ್ರಕವು ತನ್ನ ಒಂದು ಪೋರ್ಟಿನಲ್ಲಿ ಒಡೆತನವನ್ನು ಬಿಟ್ಟುಕೊಟ್ಟು ತಾನೇ ಸೇವಕನಾಗುತ್ತದೆ. ಆದುದರಿಂದ ನಡುವಣ ಸಾಧನವೇ ಬೇಡ. ತಕ್ಕ ಕೇಬಲೊಂದಿದ್ದರೆ ಸಾಕು. ಲಿನಕ್ಸಿನಲ್ಲಿ ಆರಂಭಕಾಲದ ಸಂದೇಶಗಳಿಗೆ ಇದನ್ನು ಬಳಸುವ ಅನುಕೂಲ ೨೦೧೭ರ ೪.೧೨ನೆಯ ಆವೃತ್ತಿಯಿಂದ ದೊರೆತಿದೆ.

೫. ನಾವು ಅನುಸರಿಸಿದ ಕ್ರಮ

ಇಲ್ಲಿಂದ ಮುಂದೆ ಕೆಟ್ಟ ಯಂತ್ರವನ್ನು 'ವಾದಿ' ಎಂದೂ, ಬರೆದುಕೊಳ್ಳುವ ಯಂತ್ರವನ್ನು 'ಸಾಕ್ಷಿ' ಎಂದೂ ಕರೆಯೋಣ.

ಮೊದಲು ಕೇಬಲಿನ ವಿಚಾರ. ಎರಡು ತುದಿಗಳಲ್ಲಿಯೂ ಗಣಕಯಂತ್ರಕ್ಕೆ ಹೊಂದುವ ಚಪ್ಪಟೆ ಮೂತಿಯುಳ್ಳ, ಯುಎಸ್‌ಬಿ ಮೂರರ ಡೀಬಗ್ ಕೇಬಲ್ ಬೇಕು. ಇದರಲ್ಲಿ ವಿದ್ಯುತ್ತನ್ನು ಒಯ್ಯುವ ತಂತಿಯನ್ನು ಕೂಡಿಸಿರುವುದಿಲ್ಲ. ಎರಡು ಯಂತ್ರಗಳೂ ತಮ್ಮ ಪೋರ್ಟಿನಲ್ಲಿ ೫ ವೋಲ್ಟು ವಿದ್ಯುತ್ತನ್ನು ಹೊರಗೆ ಕೊಡುತ್ತಿರುವುದರಿಂದ, ಅಂಗಡಿಯಲ್ಲಿ ಸಿಕ್ಕುವ ಬೇರೆ ಕೇಬಲಿನಿಂದ ಅವನ್ನು ಜೋಡಿಸಿದರೆ ಎರಡಕ್ಕೂ ಅಪಾಯವುಂಟು. ಈ ಎಚ್ಚರಿಕೆಯನ್ನು ವಿದ್ಯಾರ್ಥಿಗಳು ಲಘುವಾಗಿ ಎಣಿಸಬಾರದು.

ಎರಡನೆಯದು ಕರ್ನೆಲಿನ ಸಿದ್ಧತೆ. ಡೀಬಗ್ ಸಾಮರ್ಥ್ಯವನ್ನು ಬಳಸುವ ಭಾಗವನ್ನು ಕರ್ನೆಲ್ ಕಟ್ಟುವಾಗಲೇ ಸೇರಿಸಿರಬೇಕು. ಎಲ್ಲ ವಿತರಣೆಗಳಲ್ಲಿಯೂ ಅದು ಇರುವುದಿಲ್ಲ. ಆದುದರಿಂದ ಈ ಭಾಗವನ್ನು ಸೇರಿಸಿದ ಕರ್ನೆಲೊಂದನ್ನು ಬೇರೆ ಯಂತ್ರದಲ್ಲಿ ಕಟ್ಟಿ, ಯುಎಸ್‌ಬಿ ಕಡ್ಡಿಯಲ್ಲಿಟ್ಟು, ಅದರಿಂದ ವಾದಿಯನ್ನು ಎಬ್ಬಿಸಲು ನಿಶ್ಚಯಿಸಿದೆವು. ಹೀಗೆ ಮಾಡುವುದರಿಂದ ವಾದಿಯ ಸಂಗ್ರಹಭಾಗದಲ್ಲಿ ಒಂದಕ್ಷರವನ್ನೂ ಬರೆಯಬೇಕಾಗುವುದಿಲ್ಲ. ಮೂಲಪ್ರತಿಯ ಮೇಲೆ ಗುರುತು ಹಾಕಬಾರದೆಂಬ ನಿಯಮ ಇಲ್ಲಿಯೂ ಅನ್ವಯಿಸುತ್ತದೆ.

ಮೂರನೆಯದು ಸಾಕ್ಷಿಯ ಸಿದ್ಧತೆ. ಸಾಕ್ಷಿಯೂ ಲಿನಕ್ಸ್ ಯಂತ್ರವಾಗಿದ್ದು ಅದರಲ್ಲಿ ಯುಎಸ್‌ಬಿ ಡೀಬಗ್ ಸಾಧನವನ್ನು ಗುರುತಿಸುವ ಚಾಲಕ ಕಾರ್ಯಕ್ರಮ ಇರಬೇಕು. ವಾದಿಯು ಮಾತನಾಡತೊಡಗಿದೊಡನೆ ಸಾಕ್ಷಿಯಲ್ಲಿ 'ಟಿಟಿವೈಯುಎಸ್‌ಬಿ೦' ಎಂಬ ಹೆಸರಿನ ಸಾಧನವೊಂದು ಕಾಣಿಸಿಕೊಳ್ಳುತ್ತದೆ. ಅದರಿಂದ ಬಂದುದನ್ನೆಲ್ಲ ಓದಿ ಕಡತಕ್ಕೆ ಸೇರಿಸುವಂತೆ ಒಂದು ಪುಟ್ಟ ಕಾರ್ಯಕ್ರಮವನ್ನು ಮೊದಲೇ ಓಡಿಸಿಟ್ಟಿರಬೇಕು. ವಾದಿಯು ಮರಳಿ ಹೊತ್ತಿದಾಗಲೆಲ್ಲ ಈ ಸಾಧನ ಮಾಯವಾಗಿ ಮತ್ತೆ ಹುಟ್ಟುವುದರಿಂದ, ಕಾರ್ಯಕ್ರಮವು ಬಿಡದೆ ಕಾಯುತ್ತಿರುವಂತೆ ಮಾಡುವುದು ಅಗತ್ಯ.

ಕಡೆಯದು ಅಪ್ಪಣೆಯ ಸಾಲು. ವಾದಿಯನ್ನು ಹಚ್ಚಿದಾಗ ಮೊದಲು ಬರುವ 'ಗ್ರಬ್' ಎಂಬ ಪಟ್ಟಿಯಲ್ಲಿ ಇ ಅಕ್ಷರದ ಕೀಲಿಯನ್ನು ಒತ್ತಿದರೆ ಕರ್ನೆಲಿಗೆ ಕೊಡುವ ಅಪ್ಪಣೆಗಳು ತೋರುತ್ತವೆ. 'ಲಿನಕ್ಸ್' ಎಂಬ ಪದದಿಂದ ಮೊದಲಾಗುವ ಸಾಲಿನಲ್ಲಿ 'ಕ್ವಯಟ್' ಎಂಬ ಪದವಿದ್ದರೆ ತೆಗೆಯಬೇಕು. ಮೌನವಾಗಿರೆಂದು ಅದರ ಅರ್ಥ. ಸಾಲಿನ ಕೊನೆಗೆ 'ಅರ್ಲಿಪ್ರಿಂಟ್‌ಕೆ=ಎಕ್ಸ್‌ಡಿಬಿಸಿ,ಕೀಪ್' ಎಂಬುದನ್ನು, ರೋಮನ್ ಲಿಪಿಯ ಚಿಕ್ಕ ಅಕ್ಷರಗಳಲ್ಲಿ ನಡುವೆ ತೆರಪಿಲ್ಲದಂತೆ ಸೇರಿಸಬೇಕು. 'ಕೀಪ್' ಎಂಬುದಿಲ್ಲದಿದ್ದರೆ ಪರದೆ ಮುಂತಾದ ಖಾಯಂ ಮಾರ್ಗ ಸಿದ್ಧವಾದೊಡನೆ ಕರ್ನೆಲ್ ಈ ಮಾರ್ಗವನ್ನು ಮುಚ್ಚಿಬಿಡುತ್ತದೆ. ಎಲ್ಲ ದರ್ಜೆಯ ಸಂದೇಶಗಳೂ ಬೇಕೆಂದರೆ 'ಇಗ್ನೋರ್_ಲಾಗ್‌ಲೆವೆಲ್' ಎಂಬುದನ್ನೂ ಸೇರಿಸಬಹುದು. ಈ ತಿದ್ದುಪಡಿ ಆ ಒಂದು ಸಲಕ್ಕೆ ಮಾತ್ರ.

೬. ದೊರೆತ ಪಾಠ ಮತ್ತು ಅದರ ವಿಮರ್ಶೆ

ಮೊದಲ ಎರಡು ಸಲ ಸಾಕ್ಷಿಯ ಕಡತ ಬರಿದಾಗಿಯೇ ಉಳಿಯಿತು. ಕೇಬಲನ್ನು ವಾದಿಯ ಮುಂಭಾಗದ ಪೋರ್ಟಿನಿಂದ ತೆಗೆದು ಹಿಂಭಾಗದ, ಫಲಕಕ್ಕೇ ಸೇರಿದ ಪೋರ್ಟಿಗೆ ಹಾಕಿದಾಗ ಮೂರನೆಯ ಸಲ ಸಾಲುಗಳು ಬರತೊಡಗಿದುವು.

ಇಂತಹ ಪಾಠದ ರಚನೆ ಶಾಸನಗಳನ್ನು ಓದಿದವರಿಗೆ ಅಪರಿಚಿತವೆನಿಸದು. ಮೊದಲನೆಯ ಸಾಲಿನಲ್ಲಿ ಕರ್ನೆಲಿನ ಆವೃತ್ತಿ, ಅದನ್ನು ಕಟ್ಟಿದ ಸಾಧನ, ಕಟ್ಟಿದ ದಿನಾಂಕ ಇರುತ್ತವೆ. ಅನಂತರ ಅದಕ್ಕೆ ಕೊಟ್ಟ ಅಪ್ಪಣೆಯ ಸಾಲು. ಆಮೇಲೆ ಫರ್ಮ್‌ವೇರ್ ಒಪ್ಪಿಸಿದ ಮೆಮೊರಿಯ ನಕ್ಷೆ. ಯಾವ ವಿಳಾಸದಿಂದ ಯಾವ ವಿಳಾಸದವರೆಗೆ ಬಳಸಬಹುದು, ಯಾವುದು ಕಾದಿರಿಸಿದ್ದು ಎಂಬುದನ್ನು ದತ್ತಿಯ ಎಲ್ಲೆಕಟ್ಟುಗಳಂತೆ ಅಲ್ಲಿ ಹೇಳಿರುತ್ತದೆ. ಪ್ರತಿ ಸಾಲಿನ ಆದಿಯಲ್ಲಿಯೂ ಸೆಕೆಂಡುಗಳಲ್ಲಿ ಕಾಲವನ್ನು ನಮೂದಿಸಿರುತ್ತದೆ. ಆದರೆ ತೀರ ಮೊದಲಿನ ಅನೇಕ ಸಾಲುಗಳಲ್ಲಿ ಈ ಕಾಲವು ೦.೦೦೦೦೦೦ ಎಂದೇ ಇರುತ್ತದೆ. ಇವೆಲ್ಲ ಏಕಕಾಲದಲ್ಲಿ ನಡೆದುವೆಂದು ಇದರ ಅರ್ಥವಲ್ಲ. ಕರ್ನೆಲಿನ ಗಡಿಯಾರ ಇನ್ನೂ ನಡೆಯತೊಡಗಿಲ್ಲವೆಂದು ಅರ್ಥ. ಹಲ್ಮಿಡಿ ಶಾಸನದಲ್ಲಿ ಕಾಲದ ಉಲ್ಲೇಖವಿಲ್ಲದಿದ್ದರೂ ವಿದ್ವಾಂಸರು ಬೇರೆ ಆಧಾರಗಳಿಂದ ಅದನ್ನು ಕ್ರಿ.ಶ. ೪೫೦ರ ಸುಮಾರಿಗೆ ಸೇರಿಸಿರುವಂತೆ, ಇಲ್ಲಿಯೂ ಸಾಲುಗಳ ಪೂರ್ವಾಪರದಿಂದಲೇ ಕ್ರಮವನ್ನು ನಿರ್ಧರಿಸಬೇಕಾಗುತ್ತದೆ.

ನಮಗೆ ದೊರೆತ ಪಾಠದ ಅಂತ್ಯದಲ್ಲಿ ಕರ್ನೆಲ್ ಗಾಬರಿಗೊಂಡು ನಿಂತಿತೆಂಬ ಸಾಲಿತ್ತು. ಅದರ ತಾತ್ಪರ್ಯ ಹೀಗೆ: ಬಾಹ್ಯ ಸಾಧನಗಳ ಕರೆಗಳನ್ನು ಸಂಸ್ಕಾರಕಕ್ಕೆ ತಲಪಿಸುವ ಐಒ-ಎಪಿಐಸಿ ಎಂಬ ಅಂಗದ ಮೂಲಕ ಗಡಿಯಾರದ ಮಿಡಿತ ಬರುತ್ತಿಲ್ಲ; 'ನೋಎಪಿಐಸಿ' ಎಂಬ ಅಪ್ಪಣೆಯನ್ನು ಕೊಟ್ಟು ನೋಡಬಹುದು.

ಈ ಒಂದು ಸಾಲಿನಿಂದ ಹೊರಡುವ ನಿರ್ಣಯಗಳು ಎರಡು. ಮೊದಲನೆಯದಾಗಿ, ದೋಷವು ಗಡಿಯಾರದ ವ್ಯವಸ್ಥೆಗೆ ಸೇರಿದ್ದು. ಎರಡನೆಯದಾಗಿ, ಕರ್ನೆಲ್ ಗಡಿಯಾರವನ್ನು ಪರೀಕ್ಷಿಸುವುದು ಸಂಗ್ರಹಭಾಗದ ಚಾಲಕ ಕಾರ್ಯಕ್ರಮವನ್ನು ಎಬ್ಬಿಸುವುದಕ್ಕೆ ಬಹಳ ಮುಂಚೆ. ಹಾಗಾಗಿ ಯಂತ್ರ ನಿಂತ ಕ್ಷಣದಲ್ಲಿ ಕರ್ನೆಲ್ ಸಂಗ್ರಹಭಾಗದ ಕಡೆಗೆ ಇನ್ನೂ ತಿರುಗಿಯೇ ಇರಲಿಲ್ಲ. ಅದು ಕೆಟ್ಟಿದೆಯೆಂಬ ವಾದ ಈ ಪಾಠದ ಮುಂದೆ ನಿಲ್ಲುವುದಿಲ್ಲ. ಅದು ಚೆನ್ನಾಗಿದೆಯೆಂದು ಇಷ್ಟರಿಂದಲೇ ಸಿದ್ಧವಾಯಿತೆಂದು ನಾವು ಹೇಳುವುದಿಲ್ಲ. ಅದರ ಮೇಲಣ ಆರೋಪಕ್ಕೆ ಆಧಾರವಿಲ್ಲವೆಂಬುದು ಮಾತ್ರ ಸಿದ್ಧವಾಯಿತು.

ಸೂಚಿಸಿದ ಅಪ್ಪಣೆಯನ್ನು ಕೊಟ್ಟಾಗ ಯಂತ್ರವು ಎದ್ದಿತು. ಮೊದಲು ಮಾಡಿದ ಕೆಲಸ ಚಿತ್ರಗಳೆಲ್ಲದರ ಪ್ರತಿಯನ್ನು ಎರಡು ಬೇರೆ ಡಿಸ್ಕುಗಳಿಗೆ ತೆಗೆದುಕೊಂಡುದು. ಒಂದು ಓಲೆಯ ಚಿತ್ರವೂ ನಷ್ಟವಾಗಿರಲಿಲ್ಲ. ಅನಂತರ ನೋಡಲಾಗಿ, ಫಲಕದ ಮೇಲಿನ ಚಿಕ್ಕ ಬ್ಯಾಟರಿ ರಜೆಯಲ್ಲಿ ಬರಿದಾಗಿ ಫರ್ಮ್‌ವೇರಿನ ಸೆಟ್ಟಿಂಗುಗಳು ಹಿಂದಿನ ಸ್ಥಿತಿಗೆ ಹೋಗಿದ್ದುವು. ಬ್ಯಾಟರಿಯನ್ನು ಬದಲಾಯಿಸಿ ಅವನ್ನು ಸರಿಪಡಿಸಿದ ಮೇಲೆ ವಿಶೇಷ ಅಪ್ಪಣೆಯೂ ಬೇಕಾಗಲಿಲ್ಲ.

೭. ಮಿತಿಗಳು

ಈ ವಿಧಾನವನ್ನು ಬಳಸುವವರು ಕೆಲವು ಮಿತಿಗಳನ್ನು ನೆನಪಿನಲ್ಲಿಡಬೇಕು. ಕರ್ನೆಲ್ ಹುಟ್ಟುವ ಮೊದಲು ಫರ್ಮ್‌ವೇರಿನಲ್ಲಿಯೋ ಗ್ರಬ್‌ನಲ್ಲಿಯೋ ನಡೆದುದನ್ನು ಇದು ಕೇಳಲಾರದು. ಎಕ್ಸ್‌ಎಚ್‌ಸಿಐ ಮಾರ್ಗಕ್ಕೆ ಸ್ವಲ್ಪ ಮೆಮೊರಿ ಬೇಕಾಗುವುದರಿಂದ ಅದು ಸೀರಿಯಲ್ ಪೋರ್ಟಿನಷ್ಟು ಬೇಗ ಬಾಯಿ ತೆರೆಯದು. ಅದಕ್ಕೂ ಮೊದಲಿನ ಸಾಲುಗಳು ಪಟ್ಟಿಯಲ್ಲಿದ್ದು, ಮಾರ್ಗ ಸಿದ್ಧವಾದೊಡನೆ ಬರುತ್ತವೆ. ಸಂದೇಶವನ್ನು ಹೊರಗೆ ಕಳುಹಿಸಲು ತಗಲುವ ಕಾಲದಿಂದ ಕರ್ನೆಲಿನ ನಡಿಗೆ ತುಸು ನಿಧಾನವಾಗುವುದರಿಂದ, ಕ್ಷಣಮಾತ್ರದ ವ್ಯತ್ಯಾಸದಿಂದ ಉಂಟಾಗುವ ದೋಷಗಳು ಸಾಕ್ಷಿಯ ಎದುರಿನಲ್ಲಿ ಅಡಗಿಬಿಡುವುದೂ ಉಂಟು.

ಎಲ್ಲಕ್ಕಿಂತ ಮುಖ್ಯವಾದುದು ಇನ್ನೊಂದು. ಕಡೆಯ ಸಾಲು ಎಂದರೆ ಕಡೆಯದಾಗಿ ಹೇಳಿದ ಮಾತು. ಅದೇ ನಾಶದ ಕಾರಣವೆಂದು ಹೇಳುವಂತಿಲ್ಲ. ನಮ್ಮ ಸಂದರ್ಭದಲ್ಲಿ ಕರ್ನೆಲ್ ಕಾರಣವನ್ನು ಬಾಯಿಬಿಟ್ಟು ಹೇಳಿತು. ಅನೇಕ ವೇಳೆ ಅದು ಏನೂ ಹೇಳದೆ ನಿಲ್ಲುತ್ತದೆ. ಆಗ ದೋಷವಿರುವುದು ಕಡೆಯ ಸಾಲಿಗೂ ಬರಬೇಕಾಗಿದ್ದು ಬಾರದ ಸಾಲಿಗೂ ನಡುವೆ. 'ಇನಿಟ್‌ಕಾಲ್_ಡೀಬಗ್' ಎಂಬ ಅಪ್ಪಣೆಯನ್ನು ಕೊಟ್ಟರೆ, ಚಾಲಕಗಳು ಮುಂತಾದುವನ್ನು ಎಬ್ಬಿಸುವ ಘಟ್ಟದಲ್ಲಿ ಕರ್ನೆಲ್ ಪ್ರತಿ ಕೆಲಸಕ್ಕೂ ಹೋಗುವಾಗ ಒಂದು ಸಾಲು, ಹಿಂದಿರುಗಿದಾಗ ಒಂದು ಸಾಲು ಬರೆಯುತ್ತದೆ. ಹೋದುದಕ್ಕೆ ಸಾಲಿದ್ದು ಹಿಂದಿರುಗಿದುದಕ್ಕೆ ಸಾಲಿಲ್ಲದಿದ್ದರೆ ದೋಷದ ನೆಲೆ ಬಹುಮಟ್ಟಿಗೆ ಗೊತ್ತಾದಂತೆಯೇ. ಒಳ್ಳೆಯ ಯಂತ್ರವೊಂದರ ಪಾಠ ಕೈಯಲ್ಲಿದ್ದರೆ ಹೋಲಿಕೆ ಇನ್ನೂ ಸುಲಭ. ಆದುದರಿಂದ ಯಂತ್ರವು ಸ್ವಸ್ಥವಾಗಿರುವಾಗಲೇ ಅದರ ಆರಂಭಕಾಲದ ಸಂದೇಶಗಳ ಪ್ರತಿಯೊಂದನ್ನು ತೆಗೆದು ಬೇರೆಡೆ ಇಡುವುದು ಒಳ್ಳೆಯದು.

ಆಕರಗಳನ್ನು ಗಣಕಯಂತ್ರದಲ್ಲಿ ಕಾಪಾಡುತ್ತಿರುವ ವಿಭಾಗಗಳು ಡೀಬಗ್ ಕೇಬಲೊಂದನ್ನೂ ಸಿದ್ಧಪಡಿಸಿದ ಯುಎಸ್‌ಬಿ ಕಡ್ಡಿಯೊಂದನ್ನೂ ಬೀರುವಿನಲ್ಲಿ ಇಟ್ಟುಕೊಂಡಿರಲೆಂದು ಸೂಚಿಸುತ್ತೇವೆ. ಯಂತ್ರದ ಮೊದಲ ಮಾತುಗಳನ್ನು ಅವು ಹೊರಟಾಗಲೇ ಕೇಳಬೇಕಲ್ಲದೆ ಅನಂತರ ಹುಡುಕಿ ಪಡೆಯುವಂತಿಲ್ಲ. ಚಿತ್ರಗಳ ಪ್ರತಿಯನ್ನು ವಾರಕ್ಕೊಮ್ಮೆ ಬೇರೆ ಡಿಸ್ಕಿಗೆ ತೆಗೆಯುವ ಪದ್ಧತಿಯನ್ನು ನಾವು ಈಗ ಪಾಲಿಸುತ್ತಿದ್ದೇವೆ. ಅದನ್ನು ಮೊದಲೇ ಪಾಲಿಸಿದ್ದರೆ ಈ ಲೇಖನವನ್ನು ಬರೆಯುವ ಸಂದರ್ಭ ಬರುತ್ತಿರಲಿಲ್ಲವೆಂಬುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ.